ಹಾಳೆಯಾಚೆ ಕಾಣುವ ಗುಡ್ಡ

ಇಟಲಿಯ ಬೊಲೋನ್ಯಾ ನಗರದ ವಾಣಿಜ್ಯ ಮಂಡಳಿಯಲ್ಲಿ ಚಿನ್ನದ ಒಂದು ಪಟ್ಟಿಯನ್ನು ಜೋಪಾನವಾಗಿ ಇಟ್ಟಿದ್ದಾರೆ. ಯಾವುದೋ ಆಭರಣದಿಂದ ಕಳಚಿದ ತುಂಡಿನಂತೆ ಕಾಣುವ ಅದು ನಿಜವಾಗಿ ತಾಲ್ಯಾತೆಲ್ಲೆ ಎಂಬ ಪಾಸ್ತಾದ ಒಂದು ಎಳೆಯ ಮಾದರಿ. 1972ರ ಏಪ್ರಿಲ್ 16ರಂದು ಇಟಲಿಯ ಪಾಕಕಲಾ ಅಕಾಡೆಮಿಯವರು ನೋಟರಿಯ ಸಮ್ಮುಖದಲ್ಲಿ ಪತ್ರ ಬರೆಸಿ ಅದನ್ನು ಅಲ್ಲಿ ಒಪ್ಪಿಸಿದರು. ಬೆಂದು ತಟ್ಟೆಗೆ ಬಂದ ಎಳೆಯ ಅಗಲ 8 ಮಿಲಿಮೀಟರ್ ಇರಬೇಕು ಎಂಬುದು ಆ ಪತ್ರದ ಕಟ್ಟಳೆ. ಅಷ್ಟಕ್ಕೇ ಸಮಾಧಾನವಾಗದೆ, ಆ ಅಗಲವು ಊರ ನಡುವೆ ನಿಂತಿರುವ ಅಸಿನೆಲ್ಲಿ ಗೋಪುರದ ಎತ್ತರದ 12,270ನೆಯ ಒಂದು ಭಾಗ ಎಂದೂ ಸೇರಿಸಿದ್ದಾರೆ. ಗೋಪುರ ಸುಮಾರು 97 ಮೀಟರ್ ಎತ್ತರವಿದೆ; ಭಾಗಿಸಿ ನೋಡಿದರೆ ಲೆಕ್ಕ ಸರಿಯಾಗಿಯೇ ಬರುತ್ತದೆ. ಇದರಲ್ಲಿ ಎಷ್ಟು ಗಾಂಭೀರ್ಯ, ಎಷ್ಟು ತಮಾಷೆ ಎಂದು ಬೇರ್ಪಡಿಸುವುದು ನನಗೆ ಈವರೆಗೂ ಸಾಧ್ಯವಾಗಿಲ್ಲ.

ಅಗಲಕ್ಕೆ ಇಷ್ಟು ಬಿಗಿಯಾದ ಅಳತೆ ಇಟ್ಟವರು ದಪ್ಪದ ವಿಷಯದಲ್ಲಿ ಮಾತ್ರ ಕಟ್ಟಳೆ ಮಾಡಲಿಲ್ಲ. ಬಲ್ಲವರು 0.6ರಿಂದ 0.8 ಮಿಲಿಮೀಟರ್ ಇದ್ದರೆ ಚೆನ್ನ ಎನ್ನುತ್ತಾರೆ, ಆದರೆ ಅದಕ್ಕೆ ಚಿನ್ನದ ಮಾದರಿಯಿಲ್ಲ. ಈ ಸಂಗತಿಯನ್ನು ನಾನು ಬೊಲೋನ್ಯಾದಲ್ಲಿ ಬಾಡಿಗೆಗಿದ್ದ ಮನೆಯ ಒಡತಿಗೆ ಹೇಳಿದಾಗ ಆಕೆ ಹಿಟ್ಟಿನ ಕೈಯನ್ನು ಏಪ್ರನ್ನಿಗೆ ಒರೆಸಿಕೊಳ್ಳುತ್ತ, "ಕೊಯ್ಯುವುದಕ್ಕೆ ಚಾಕು ಹಿಡಿಯಲು ಬಂದರೆ ಸಾಕು, ಅದಕ್ಕೆ ಪತ್ರ ಬೇರೆ ಬರೆಸಬೇಕಾಗಿತ್ತೆ?" ಎಂದು ನಕ್ಕಿದ್ದರು. ಆ ನಗೆಯ ಅರ್ಥ ನನ್ನ ಕೈಗೆ ಇಳಿಯಲು ಹೆಚ್ಚುಕಡಿಮೆ ಒಂದು ವರ್ಷ ಹಿಡಿಯಿತು.

ಓದಿನ ನಿಮಿತ್ತ ನಾನು ಆ ಊರಿಗೆ ಹೋಗಿ ಎರಡು ವರ್ಷ ಇದ್ದೆ. ಮನೆಯೊಡತಿ ಎಪ್ಪತ್ತು ದಾಟಿದವರು; ನಾನು ಅವರನ್ನು ಅಲ್ಲಿಯ ರೂಢಿಯಂತೆ ಸಿನ್ಯೋರಾ ಎನ್ನುತ್ತಿದ್ದೆ. ಅವರು ನನ್ನನ್ನು 'ಚಿನ್ನಾ' ಎನ್ನುತ್ತಿದ್ದರು. ಮೊದಲ ಸಲ ಕೇಳಿದಾಗ ನನಗೆ ಗಂಟಲು ಕಟ್ಟಿತು. ಏಳು ಸಾವಿರ ಕಿಲೋಮೀಟರಿನಾಚೆ ಯಾರೋ ನನ್ನನ್ನು ನನ್ನ ಅಜ್ಜಿಯ ಮಾತಿನಲ್ಲಿ ಕರೆಯುತ್ತಿದ್ದಾರೆ ಎನಿಸಿತ್ತು. ಆಮೇಲೆ ತಿಳಿಯಿತು, ಬೊಲೋನ್ಯಾದ ಆಡುಮಾತಿನಲ್ಲಿ ಹುಡುಗನನ್ನು 'ಚಿನ್ನೋ' ಎಂದೂ ಹುಡುಗಿಯನ್ನು 'ಚಿನ್ನಾ' ಎಂದೂ ಕರೆಯುತ್ತಾರೆ. ಬಂಗಾರಕ್ಕೂ ಅದಕ್ಕೂ ಸಂಬಂಧವಿಲ್ಲ. ತಿಳಿದ ಮೇಲೂ ನಾನು ಅದನ್ನು ಕನ್ನಡದ ಕಿವಿಯಿಂದಲೇ ಕೇಳಿಸಿಕೊಂಡೆ.

ಭಾನುವಾರ ಬೆಳಿಗ್ಗೆ ಅವರ ಅಡುಗೆಮನೆಯಲ್ಲಿ ಮೇಜಿನ ಮೇಲೆ ಇನ್ನೊಂದು ಹಲಗೆ ಬಂದು ಕೂರುತ್ತಿತ್ತು. ಬಾಗಿಲಿನಷ್ಟು ದೊಡ್ಡದಾದ, ಬಣ್ಣವಾಗಲಿ ಮೆರುಗಾಗಲಿ ಇಲ್ಲದ ಮರದ ಹಲಗೆ. ಅದರ ಮುಂಚೂಣಿಯಲ್ಲಿ ಕೆಳಕ್ಕೆ ಇಳಿದ ಒಂದು ಪಟ್ಟಿ ಮೇಜಿನ ಅಂಚಿಗೆ ಕಚ್ಚಿಕೊಂಡು, ಎಷ್ಟು ಒತ್ತಿದರೂ ಹಲಗೆ ಹಿಂದಕ್ಕೆ ಜರುಗದಂತೆ ತಡೆಯುತ್ತಿತ್ತು. ಅದರ ಜೊತೆಗೆ ಲಟ್ಟಣಿಗೆ. ನಮ್ಮ ಚಪಾತಿಯ ಲಟ್ಟಣಿಗೆಯನ್ನು ಕಂಡವರು ಇದನ್ನು ಲಟ್ಟಣಿಗೆ ಎಂದು ಒಪ್ಪಲಾರರು. ಹಿಡಿಯಿಲ್ಲದ, ತುದಿಯಿಂದ ತುದಿಗೆ ಒಂದೇ ದಪ್ಪದ, ಒಂದು ಮೀಟರಿನಷ್ಟು ಉದ್ದದ ಕೋಲು ಅದು. ಮಟ್ಟರೆಲ್ಲೊ ಎಂದು ಅದರ ಹೆಸರು. ಅದರಿಂದ ಲಟ್ಟಿಸಿದ ಹಾಳೆಗೆ ಸ್ಫೋಲ್ಯಾ ಎನ್ನುತ್ತಾರೆ, ಲಟ್ಟಿಸುವ ಹೆಂಗಸಿಗೆ ಸ್ಫೋಲ್ಯೀನಾ. ಎಲೆ ಎಂಬರ್ಥದ ಫೋಲ್ಯಾ ಈ ಮಾತಿನ ಮೂಲ, ಕಾಗದದ ಹಾಳೆಗೂ ಅದೇ ಕುಲದ ಇನ್ನೊಂದು ಮಾತಿದೆ. ಅಡಿಕೆಯ ಮರದಿಂದ ಬೀಳುವುದಕ್ಕೂ ಪುಸ್ತಕದಲ್ಲಿ ಇರುವುದಕ್ಕೂ ಹಾಳೆ ಎನ್ನುವ ನಮಗೆ ಇದೇನೂ ವಿಚಿತ್ರವಲ್ಲ.

ಲೆಕ್ಕ ಅತ್ಯಂತ ಸರಳ: ಒಂದು ಮೊಟ್ಟೆಗೆ 100 ಗ್ರಾಂ ಹಿಟ್ಟು, ಒಬ್ಬರ ಊಟ. ಉಪ್ಪು ಹಾಕುವುದಿಲ್ಲ, ಎಣ್ಣೆ ಹಾಕುವುದಿಲ್ಲ, ನೀರಂತೂ ಇಲ್ಲವೇ ಇಲ್ಲ. ಹಿಟ್ಟನ್ನು ಹಲಗೆಯ ಮೇಲೆ ಗುಡ್ಡೆ ಹಾಕಿ, ನಡುವೆ ಬಾವಿ ತೋಡಿ, ಅದರೊಳಗೆ ಮೊಟ್ಟೆ ಒಡೆದು, ಫೋರ್ಕಿನಿಂದ ಕಲಕುತ್ತ ಒಳಗೋಡೆಯ ಹಿಟ್ಟನ್ನು ಸ್ವಲ್ಪಸ್ವಲ್ಪವೇ ಸೆಳೆದುಕೊಳ್ಳಬೇಕು. ಮೊದಲ ದಿನ ನಾನು ಆತುರಪಟ್ಟು ಗೋಡೆ ಒಡೆದೆ. ಮೊಟ್ಟೆ ಹಲಗೆಯುದ್ದಕ್ಕೂ ಹರಿದು ಅಂಚಿನವರೆಗೆ ಹೋಯಿತು. ಸಿನ್ಯೋರಾ ಅದನ್ನು ಅಡ್ಡಗಟ್ಟಿ, ತಗಡಿನ ತುಂಡಿನಿಂದ ಕೆರೆದು, ಮಾತಿಲ್ಲದೆ ನನ್ನ ಮುಂದೆ ಸರಿಸಿದರು.

ಎರಡನೆಯ ದಿನದ ತಪ್ಪು ಇದಕ್ಕಿಂತ ಕೆಟ್ಟದ್ದು. ಹಿಟ್ಟು ಪುಡಿಪುಡಿಯಾಗಿ, ಒಂದಕ್ಕೊಂದು ಕೂಡಿಕೊಳ್ಳದೆ, ಕಲ್ಲಿನಂತೆ ಗಟ್ಟಿಯಾಗಿ ಕಂಡಿತು. ಚಪಾತಿ ಹಿಟ್ಟು ಕಲಸಿ ಬೆಳೆದ ನನ್ನ ಕೈ ತಾನಾಗಿಯೇ ನಲ್ಲಿಯ ಕಡೆ ಹೋಯಿತು. ಎರಡು ಚಮಚ ನೀರು. ಹಿಟ್ಟು ಕೂಡಲೇ ಮೆತ್ತಗಾಯಿತು, ನನಗೆ ಗೆದ್ದಂತಾಯಿತು. ಅರ್ಧ ಗಂಟೆಯ ನಂತರ ಅದು ಕೋಲಿಗೂ ಹಲಗೆಗೂ ಕೈಗೂ ಅಂಟಿಕೊಂಡು ಲಟ್ಟಿಸುವ ಪ್ರಶ್ನೆಯೇ ಉಳಿಯಲಿಲ್ಲ. ಮೊಟ್ಟೆಯ ಮುಕ್ಕಾಲು ಪಾಲು ನೀರೇ ಆಗಿರುತ್ತದೆ. ಚಿಪ್ಪು ಬಿಟ್ಟು 55 ಗ್ರಾಂ ತೂಗುವ ಮೊಟ್ಟೆಯಲ್ಲಿ ನಲವತ್ತು ಗ್ರಾಮಿಗಿಂತ ಹೆಚ್ಚು ನೀರಿರುತ್ತದೆ, ಆದರೆ ಅದು ಬಿಳಿಯ ಭಾಗದ ಪ್ರೋಟೀನಿನೊಳಗೆ ಸಿಕ್ಕಿಕೊಂಡಿರುವುದರಿಂದ ಹಿಟ್ಟಿಗೆ ಇಳಿಯಲು ಸಮಯ ಬೇಕು. ನಾದುತ್ತ ಹೋದಂತೆ ಇಳಿಯುತ್ತದೆ. ಹತ್ತು ಹದಿನೈದು ನಿಮಿಷ ಅಂಗೈಯ ಬುಡದಿಂದ ಒತ್ತಿ, ಮಡಚಿ, ತಿರುಗಿಸಿ ಮತ್ತೆ ಒತ್ತಿದರೆ, ಹತ್ತನೆಯ ನಿಮಿಷದವರೆಗೆ ಹಟ ಹಿಡಿದಿದ್ದ ಮುದ್ದೆ ಇದ್ದಕ್ಕಿದ್ದಂತೆ ನುಣುಪಾಗುತ್ತದೆ. ಬೆರಳಿನಿಂದ ಒತ್ತಿದ ಗುಳಿ ನಿಧಾನವಾಗಿ ಮೇಲೆದ್ದು ಬರುತ್ತದೆ.

ಹಿಟ್ಟಿನ ಬಗ್ಗೆ ಒಂದು ಮಾತು. ಅಲ್ಲಿ ಇದಕ್ಕೆ ಬಳಸುವುದು 'ಸೊನ್ನೆ ಸೊನ್ನೆ' ಎಂದು ಕರೆಯುವ ಮೆದು ಗೋಧಿಯ ಹಿಟ್ಟು. ಆ ಸೊನ್ನೆಗಳು ಹಿಟ್ಟಿನ ಶಕ್ತಿಯನ್ನು ಹೇಳುತ್ತವೆ ಎಂದು ಬಹಳ ಜನ ತಿಳಿದಿದ್ದಾರೆ. ಅವು ಹೇಳುವುದು ಬೂದಿಯ ಪ್ರಮಾಣವನ್ನು, ಅಂದರೆ ಹಿಟ್ಟನ್ನು ಸುಟ್ಟರೆ ಉಳಿಯುವ ಖನಿಜಾಂಶವನ್ನು. ತೌಡು ಹೆಚ್ಚು ಹೋದಷ್ಟೂ ಬೂದಿ ಕಡಿಮೆ. ಇಟಲಿಯ ಕಾನೂನಿನ ಪ್ರಕಾರ ಸೊನ್ನೆ ಸೊನ್ನೆಯಲ್ಲಿ ಅದು ಶೇಕಡ 0.55 ಮೀರಬಾರದು. ನಮ್ಮ ಮೈದಾದ ಹತ್ತಿರದ ನೆಂಟ ಎಂದರೆ ತಪ್ಪಾಗದು. ಹಳದಿ ಬಣ್ಣ ಪೂರ್ತಿಯಾಗಿ ಮೊಟ್ಟೆಯದು. ಅಲ್ಲಿಯ ಅಂಗಡಿಗಳಲ್ಲಿ 'ಹಳದಿ ಪಾಸ್ತಾಕ್ಕೆ' ಎಂದೇ ಬರೆದ ಮೊಟ್ಟೆಗಳು ಸಿಗುತ್ತವೆ. ಕೋಳಿಯ ಮೇವಿನಲ್ಲಿರುವ ಜೋಳದಂಥ ಪದಾರ್ಥಗಳ ಬಣ್ಣ ಭಂಡಾರಕ್ಕೆ, ಎಂದರೆ ಮೊಟ್ಟೆಯ ನಡುವಿನ ಹಳದಿ ಭಾಗಕ್ಕೆ, ಇಳಿದು ಅದು ಕಿತ್ತಳೆಯ ಹತ್ತಿರಕ್ಕೆ ಬಂದಿರುತ್ತದೆ.

ಈ ಹಳದಿಯಿಂದ ನನಗೊಂದು ಪೇಚು ಬಂದಿತ್ತು. ಇಳಕಲ್ಲಿನ ನಮ್ಮ ಮನೆಯ ಅಡುಗೆಮನೆಗೆ ಮೊಟ್ಟೆ ಬಂದದ್ದಿಲ್ಲ. ನಾನು ಹಾಸ್ಟೆಲ್ಲಿನಲ್ಲಿ ಕಲಿತ ಈ ಚಾಳಿ ಅವ್ವನಿಗೆ ಗೊತ್ತಿದ್ದೂ ಗೊತ್ತಿಲ್ಲದಂತಿತ್ತು. ವಿಡಿಯೊ ಕರೆಯಲ್ಲಿ ಹಿಟ್ಟಿನ ಮುದ್ದೆ ಕಂಡು, "ಹಳದಿ ಐತಲ್ಲ, ಅರಿಶಿಣ ಹಾಕ್ಯಾರೇನು?" ಎಂದು ಕೇಳಿದಳು. ನಾನು ಹೂಂ ಎಂದೆ. ಪಕ್ಕದಲ್ಲಿದ್ದ ಸಿನ್ಯೋರಾ ಏನು ಕೇಳಿದರು ಎಂದು ವಿಚಾರಿಸಿದಾಗ ಅವರಿಗೂ ಏನೋ ಸುಳ್ಳು ಹೇಳಿದೆ.

ನಾದಿದ ಮೇಲೆ ಮುದ್ದೆಯನ್ನು ಬಟ್ಟಲಿನಡಿ ಮುಚ್ಚಿ ಅರ್ಧ ಗಂಟೆಯಾದರೂ ಬಿಡಬೇಕು. ಹೋಳಿಗೆಯ ಕಣಕವನ್ನು ನೆನೆಯಲು ಬಿಡುವವರಿಗೆ ಇದರ ಕಾರಣ ಹೇಳಬೇಕಾಗಿಲ್ಲ. ನಾದುವಾಗ ಬಿಗಿದುಕೊಂಡ ಅಂಟು, ಎಂದರೆ ಗ್ಲುಟೆನ್ನಿನ ಎಳೆಗಳು, ಈ ಹೊತ್ತಿನಲ್ಲಿ ಸಡಿಲಾಗುತ್ತವೆ. ಸಡಿಲಾಗದ ಹಿಟ್ಟನ್ನು ಎಷ್ಟು ಲಟ್ಟಿಸಿದರೂ ಅದು ರಬ್ಬರಿನಂತೆ ಮತ್ತೆ ಮೊದಲಿನ ಗಾತ್ರಕ್ಕೆ ಮರಳುತ್ತದೆ.

ಇಲ್ಲಿಯವರೆಗಿನದು ಯಾರಿಗಾದರೂ ಎರಡು ಮೂರು ಭಾನುವಾರಗಳಲ್ಲಿ ಬರುತ್ತದೆ. ಬಾರದಿರುವುದು ಲಟ್ಟಿಸುವುದು.

ಚಪಾತಿಯನ್ನು ನಾವು ಮೇಲಿನಿಂದ ಒತ್ತಿ ಅಗಲ ಮಾಡುತ್ತೇವೆ. ಸ್ಫೋಲ್ಯಾದಲ್ಲಿ ಒತ್ತುವ ಕೆಲಸ ಮೊದಲ ಐದು ನಿಮಿಷಕ್ಕೆ ಮುಗಿದುಹೋಗುತ್ತದೆ. ಅಲ್ಲಿಂದ ಮುಂದಿನದು ಎಳೆಯುವ ಕೆಲಸ. ಹಾಳೆಯ ಆಚೆಯ ಅಂಚನ್ನು ಕೋಲಿಗೆ ಸುತ್ತಿಕೊಂಡು, ಕೋಲನ್ನು ಮುಂದೆ ಹಿಂದೆ ಉರುಳಿಸುತ್ತಲೇ, ಎರಡೂ ಅಂಗೈಗಳನ್ನು ಕೋಲಿನ ನಡುವಿನಿಂದ ತುದಿಗಳ ಕಡೆಗೆ ಸವರಿಕೊಂಡು ಹೋಗಬೇಕು. ಕೋಲಿಗೆ ಸುತ್ತಿದ ಹಿಟ್ಟು ಅಂಗೈಯ ಜೊತೆ ಅಕ್ಕಪಕ್ಕಕ್ಕೆ ಹಿಗ್ಗುತ್ತದೆ. ಆಮೇಲೆ ಹಾಳೆಯನ್ನು ಬಿಚ್ಚಿ, ಕಾಲುಭಾಗ ತಿರುಗಿಸಿ, ಮತ್ತೆ ಸುತ್ತಿ, ಮತ್ತೆ ಸವರಬೇಕು. ಬಿಚ್ಚುವಾಗ ಹಾಳೆ ಹಲಗೆಗೆ ಬಡಿದು ಒದ್ದೆ ಬಟ್ಟೆ ಒಗೆದಂಥ ಸದ್ದಾಗುತ್ತದೆ. ಹಾಳೆ ಬೆಳೆದಂತೆ ಅದರ ಈಚೆಯ ಅಂಚು ಹಲಗೆಯಿಂದ ಕೆಳಗೆ ಇಳಿಬೀಳುತ್ತದೆ, ಆ ತೂಕವೇ ಹಾಳೆಯನ್ನು ಹಿಡಿದುಕೊಂಡು ಎಳೆಯಲು ನೆರವಾಗುತ್ತದೆ. ಸಿನ್ಯೋರಾ ಅಂಚನ್ನು ಹೊಟ್ಟೆಗೂ ಹಲಗೆಗೂ ನಡುವೆ ಮೆಲ್ಲಗೆ ಒತ್ತಿಹಿಡಿಯುತ್ತಿದ್ದರು. ನಾನು ಹಾಗೆ ಮಾಡಲು ಹೋಗಿ ಹಾಳೆಯನ್ನು ಅಡ್ಡಕ್ಕೆ ಸೀಳಿದೆ.

ಇದಕ್ಕೆಲ್ಲ ಗಡಿಯಾರದ ಕಾವಲೂ ಇದೆ. ಹಾಳೆ ತೆಳುವಾದಂತೆ ಅದರ ಮೈಯಿಂದ ನೀರು ಬೇಗ ಆರುತ್ತದೆ. ನಿಧಾನಿಸಿದರೆ ಅಂಚು ಒಣಗಿ ಬಿರುಕು ಬಿಡುತ್ತದೆ, ಬಿರುಕು ಬಿಟ್ಟ ಹಾಳೆಯನ್ನು ಎಳೆದರೆ ಹರಿಯುತ್ತದೆ. ಆತುರಪಟ್ಟು ಒಣಹಿಟ್ಟು ಉದುರಿಸದೆ ಸುತ್ತಿದರೆ ಪದರ ಪದರಕ್ಕೆ ಕಚ್ಚಿಕೊಳ್ಳುತ್ತದೆ. ಹೆಚ್ಚು ಹಿಟ್ಟು ಉದುರಿಸಿದರೋ, ಕೋಲು ಜಾರುತ್ತದೆ, ಹಿಟ್ಟು ಹಿಗ್ಗುವುದಿಲ್ಲ. ಚಳಿಗಾಲದಲ್ಲಿ ಹೀಟರ್ ಹಾಕಿದ ಕೋಣೆಯಲ್ಲಿ ಹತ್ತು ನಿಮಿಷ ಸಿಗುವ ಹದ, ಪೋ ನದಿಯ ಬಯಲಿನಿಂದ ಮಂಜು ಎದ್ದುಬಂದ ದಿನ ಇಪ್ಪತ್ತು ನಿಮಿಷ ಇರುತ್ತದೆ. ನಮ್ಮ 'ಹದ' ಎಂಬ ಮಾತಿಗೆ ಇಟಾಲಿಯನ್ನಿನಲ್ಲಿ ಸಾಟಿಯಾದ ಒಂದೇ ಮಾತು ಸಿಗದೆ ನಾನು ಸಿನ್ಯೋರಾರಿಗೆ ಅದನ್ನು ವಿವರಿಸಲು ಒದ್ದಾಡಿದ್ದುಂಟು. ಕೊನೆಗೆ ಅವರೇ ಆ ಮಾತನ್ನು ಎತ್ತಿಕೊಂಡು, ಹಿಟ್ಟನ್ನು ಮುಟ್ಟಿ ನೋಡಿ, "ಹದಾ?" ಎಂದು ನನ್ನನ್ನೇ ಕೇಳತೊಡಗಿದರು.

ದಪ್ಪವನ್ನು ಅವರು ಹೇಗೆ ಅಳೆಯುತ್ತಾರೆ ಎಂಬುದು ನನ್ನನ್ನು ಬಹಳ ದಿನ ಕಾಡಿತು. ಬೆರಳಿನಲ್ಲಿ ಹಿಸುಕಿ ನೋಡುವುದನ್ನು ಅವರು ಮಾಡುತ್ತಿರಲಿಲ್ಲ. ಒಂದು ಸಂಜೆ ಕಾಗದದ ಮೇಲೆ ಲೆಕ್ಕ ಹಾಕಿದೆ. ಎರಡು ಮೊಟ್ಟೆಯ ಮುದ್ದೆ ಸುಮಾರು 310 ಗ್ರಾಂ ತೂಗುತ್ತದೆ. ಹಿಟ್ಟು ನೀರಿಗಿಂತ ಸ್ವಲ್ಪ ಭಾರ ಎಂದು ಹಿಡಿದು, ಅದನ್ನು 0.7 ಮಿಲಿಮೀಟರಿಗೆ ಲಟ್ಟಿಸಿದರೆ ಅಡ್ಡಳತೆ ಹೆಚ್ಚುಕಡಿಮೆ 68 ಸೆಂಟಿಮೀಟರ್ ಆಗಬೇಕು. ಹೆಮ್ಮೆಪಟ್ಟು ಫೋಟೊ ತೆಗೆದಿದ್ದ ನನ್ನ ಹಾಳೆಯ ಅಡ್ಡಳತೆ 45 ಸೆಂಟಿಮೀಟರ್ ಇತ್ತು. ಅಂದರೆ ಅದರ ದಪ್ಪ 1.6 ಮಿಲಿಮೀಟರ್, ಇರಬೇಕಾದದ್ದರ ಇಮ್ಮಡಿಗಿಂತ ಹೆಚ್ಚು. ಬಾಯಲ್ಲಿ ಅದು ಬೆಂದ ಚಕ್ಕಳದಂತೆ ಇದ್ದದ್ದಕ್ಕೆ ಕಾರಣ ತಿಳಿಯಿತು. ಈ ಲೆಕ್ಕವನ್ನು ಸಿನ್ಯೋರಾರ ಮುಂದೆ ಇಟ್ಟಾಗ ಅವರು ಆಸಕ್ತಿಯಿಂದ ಕೇಳಿ, ಹಲಗೆಯ ಮೇಲೆ ಮರದ ಒಂದು ಗಂಟನ್ನು ತೋರಿಸಿದರು. ಎರಡು ಮೊಟ್ಟೆಯದು ಇಲ್ಲಿಗೆ ಬರಬೇಕು. ಮೂರಾದರೆ ಹಲಗೆಯಿಂದ ಇಳಿದು ಏಪ್ರನ್ನಿನ ಜೇಬಿನವರೆಗೆ. ನಾಲ್ಕಾದರೆ ಮೊಣಕಾಲಿನ ಹತ್ತಿರ. ಅಗಲವೇ ದಪ್ಪವನ್ನು ಹೇಳುತ್ತದೆ ಎಂದು ನಾನು ವೃತ್ತದ ಕ್ಷೇತ್ರಫಲದ ಸೂತ್ರದಿಂದ ಕಂಡುಕೊಂಡದ್ದು ಅವರ ಮೈಯ ಮೇಲೆಯೇ ಗುರುತಾಗಿತ್ತು.

ಇನ್ನೊಂದು ಪರೀಕ್ಷೆ ಇಡೀ ಊರಿಗೆ ಗೊತ್ತಿರುವಂಥದು. ಬೊಲೋನ್ಯಾದ ನೈಋತ್ಯಕ್ಕೆ ಗುಡ್ಡದ ಮೇಲೆ ಸಾನ್ ಲೂಕಾದ ಮಾತೆಯ ಗುಡಿಯಿದೆ. ಊರಿನ ಬಾಗಿಲಿನಿಂದ ಅಲ್ಲಿಯವರೆಗೆ 666 ಕಮಾನುಗಳ ಮೊಗಸಾಲೆಯನ್ನು ಕಟ್ಟಿದ್ದಾರೆ, ಸುಮಾರು ನಾಲ್ಕು ಕಿಲೋಮೀಟರ್ ದೂರ ಬಿಸಿಲು ಮಳೆ ತಾಗದಂತೆ ನಡೆದು ಏರಬಹುದು. ಹಾಳೆಯನ್ನು ಎತ್ತಿ ಹಿಡಿದರೆ ಅದರ ಮೂಲಕ ಸಾನ್ ಲೂಕಾ ಕಾಣಬೇಕು ಎಂಬುದು ಸ್ಫೋಲ್ಯೀನಾಗಳ ಮಾತು. ನಮ್ಮ ಅಡುಗೆಮನೆಯ ಕಿಟಕಿಯಿಂದ ಗುಡ್ಡ ಕಾಣುತ್ತಿತ್ತು. ಸಿನ್ಯೋರಾ ಹಾಳೆಯ ಅಂಚನ್ನು ಕೋಲಿನ ಮೇಲಿಂದ ಎತ್ತಿ ಬೆಳಕಿಗೆ ಹಿಡಿದಾಗ ಹಳದಿ ಮಂಜಿನೊಳಗೆ ಗುಡ್ಡದ ಬೆನ್ನೂ ಗುಡಿಯ ಗುಂಡನೆಯ ಗೋಪುರವೂ ಮಸುಕಾಗಿ ಮೂಡುತ್ತಿದ್ದವು. ನನ್ನ ಹಾಳೆಯಲ್ಲಿ ಬಹಳ ತಿಂಗಳು ಬರಿಯ ಬೆಳಕಷ್ಟೇ ಕಂಡಿತು. ಎರಡನೆಯ ವರ್ಷದ ಫೆಬ್ರವರಿಯ ಒಂದು ಬೆಳಿಗ್ಗೆ, ಹಾಳೆಯ ಎಡಭಾಗದ ಒಂದು ಗೇಣಿನಷ್ಟು ಜಾಗದಲ್ಲಿ ಗುಡ್ಡ ಕಂಡಿತು, ಬಲಭಾಗದಲ್ಲಿ ಕಾಣಲಿಲ್ಲ. ನನ್ನ ಬಲಗೈ ಹೆಚ್ಚು ಒತ್ತುತ್ತದೆ, ಎಳೆಯುವುದಿಲ್ಲ ಎಂದು ಅವರು ತೀರ್ಪು ಕೊಟ್ಟರು.

ಕೈಯಿಂದ ತಿರುಗಿಸುವ ಉರುಳೆಯ ಯಂತ್ರ ತಂದರೆ ಈ ಪಾಡೇ ಇಲ್ಲವಲ್ಲ ಎಂದು ಓದುವವರು ಕೇಳಬಹುದು. ಇಟಲಿಯ ಅಸಂಖ್ಯ ಮನೆಗಳಲ್ಲಿ ಅದು ಇದೆ, ನನ್ನ ಬಳಿಯೂ ಈಗ ಒಂದು ಇದೆ. ಅಂಕಿಯನ್ನು ಒಂದೊಂದೇ ಮೆಟ್ಟಿಲು ಇಳಿಸುತ್ತ ಹೋದರೆ ಎಲ್ಲ ಕಡೆಯೂ ಒಂದೇ ತೆಳುವಿನ ಪಟ್ಟಿ ಬರುತ್ತದೆ. ತಾಕಿ ನೋಡಿದರೆ ಮಾತ್ರ ವ್ಯತ್ಯಾಸ ತಿಳಿಯುತ್ತದೆ: ಲೋಹದ ಉರುಳೆಗಳು ಹಿಟ್ಟನ್ನು ಹಿಸುಕಿ ಅದರ ಮೈಯನ್ನು ನಯವಾಗಿಸುತ್ತವೆ, ಮರದ ಹಲಗೆ ಮತ್ತು ಕೋಲು ತಮ್ಮ ಒರಟನ್ನು ಅದರ ಮೇಲೆ ಬಿಡುತ್ತವೆ. ಬೊಲೋನ್ಯಾದ ರಗೂ, ಅಂದರೆ ಗಂಟೆಗಟ್ಟಲೆ ಕುದಿಸಿದ ಮಾಂಸದ ಸಾರು, ನಯವಾದ ಎಳೆಯ ಮೇಲಿಂದ ಜಾರಿ ತಟ್ಟೆಯ ತಳಕ್ಕೆ ಸೇರಿಕೊಳ್ಳುತ್ತದೆ. ಒರಟು ಎಳೆ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ಜಗತ್ತಿನ ಹೋಟೆಲುಗಳಲ್ಲೆಲ್ಲ ಸಿಗುವ 'ಸ್ಪಗೆಟ್ಟಿ ಬೊಲೊನೀಸ್' ಬೊಲೋನ್ಯಾದವರಿಗೆ ತಮಾಷೆಯಾಗಿ ತೋರುವುದು ಇದೇ ಕಾರಣಕ್ಕೆ. ನಾನು ಮಾಂಸ ತಿನ್ನುವವಳಲ್ಲ. ಬೆಣ್ಣೆಯಲ್ಲಿ ಸೇಜ್ ಎಲೆಗಳನ್ನು ಗರಿಯಾಗಿಸಿ ಬೆರೆಸಿದರೂ ಒರಟು ಮೈಯ ಗುಣ ನಾಲಿಗೆಗೆ ತಿಳಿಯುತ್ತದೆ. ಆದರೂ ಯಂತ್ರವನ್ನು ಬೈಯುವ ಶುದ್ಧಾಚಾರ ನನಗೆ ಹಿಡಿಸದು. ಬೆನ್ನುನೋವಿನವರಿಗೆ ಯಂತ್ರ ಬೇಕು.

ಬೆನ್ನಿನ ಮಾತು ಸುಮ್ಮನೆ ಬಂದದ್ದಲ್ಲ. ಸಿನ್ಯೋರಾ ಆರು ವರ್ಷದವರಿದ್ದಾಗ ಸ್ಟೂಲಿನ ಮೇಲೆ ನಿಂತು ಕೋಲು ಹಿಡಿದರಂತೆ. ಅವರ ತಾಯಿ ಒಂಬತ್ತು ಜನರ ಮನೆಗೆ ದಿನವೂ ಲಟ್ಟಿಸುತ್ತಿದ್ದರು. "ಈಗ ಎಲ್ಲರೂ ಇದನ್ನು ಕಲೆ ಎನ್ನುತ್ತಾರೆ, ಆಗ ಯಾರೂ ಏನೂ ಅನ್ನುತ್ತಿರಲಿಲ್ಲ, ಹನ್ನೆರಡು ಗಂಟೆಗೆ ಮೇಜಿನ ಮೇಲೆ ಇರಬೇಕಿತ್ತು ಅಷ್ಟೆ" ಎಂದು ಅವರು ಹೇಳಿದ್ದು ನೆನಪಿದೆ. ಆ ತಾಯಿಯ ಬಲಭುಜ ಎಡಭುಜಕ್ಕಿಂತ ತಗ್ಗಾಗಿತ್ತು ಎಂಬುದನ್ನು ಗೋಡೆಯ ಮೇಲಿನ ಫೋಟೊದಲ್ಲಿ ತೋರಿಸಿದರು. ವಾರದ ದಿನಗಳಲ್ಲಿ ಸಿನ್ಯೋರಾ ಸ್ವತಃ ಅಂಗಡಿಯ ಒಣ ಸ್ಪಗೆಟ್ಟಿ ಬೇಯಿಸಿ ಉಣ್ಣುತ್ತಿದ್ದರು, ಅದರಲ್ಲಿ ಅವರಿಗೆ ಯಾವ ಸಂಕೋಚವೂ ಇರಲಿಲ್ಲ.

ಸಂಕೋಚ ಇರಬೇಕಾಗಿಯೂ ಇಲ್ಲ. ಹೊರಗಿನವರು ತಾಜಾ ಪಾಸ್ತಾವನ್ನು ಒಣ ಪಾಸ್ತಾಕ್ಕಿಂತ ಮೇಲು ಎಂದುಕೊಳ್ಳುತ್ತಾರೆ, ನಾನೂ ಹಾಗೆಯೇ ಅಂದುಕೊಂಡು ಹೋದವಳು. ಅವೆರಡೂ ಬೇರೆ ಬೇರೆ ಗೋಧಿಯ ಬೇರೆ ಬೇರೆ ಊಟಗಳು. 1967ರ ಕಾನೂನಿನಂತೆ ಇಟಲಿಯಲ್ಲಿ ಒಣ ಪಾಸ್ತಾವನ್ನು ಗಟ್ಟಿ ಗೋಧಿಯ, ಎಂದರೆ ಡ್ಯೂರಮ್ಮಿನ, ರವೆಯಿಂದಲೇ ಮಾಡಬೇಕು. ಅದರ ಅಂಟು ಗಟ್ಟಿ, ಬೆಂದ ಮೇಲೂ ನಡುವೆ ಕಚ್ಚು ಉಳಿಯುತ್ತದೆ. ದಕ್ಷಿಣದ ಬಾರಿಯಂಥ ಊರುಗಳಲ್ಲಿ ಆ ರವೆಗೆ ಬರಿಯ ನೀರು ಹಾಕಿ ಕಿವಿಯಾಕಾರದ ಓರೆಕ್ಕ್ಯೆತ್ತೆ ಮಾಡುತ್ತಾರೆ, ಮೊಟ್ಟೆಯ ಹಂಗಿಲ್ಲ. ಉತ್ತರದ ಎಮಿಲಿಯಾ ಸೀಮೆಯಲ್ಲಿ ಬೆಳೆಯುವ ಮೆದು ಗೋಧಿಗೆ ಆ ಬಿಗುವಿಲ್ಲದ ಕಾರಣ ಮೊಟ್ಟೆಯ ಬಿಳಿ ಅದಕ್ಕೆ ಗಟ್ಟಿತನ ಕೊಡುತ್ತದೆ, ಭಂಡಾರದ ಕೊಬ್ಬು ಮೃದುತ್ವ ಕೊಡುತ್ತದೆ.

ಗಟ್ಟಿ ಗೋಧಿ ಎಂದೊಡನೆ ನನ್ನ ಊರಿನ ಕಡೆ ಮನಸ್ಸು ಹೋಗುವುದು ಸಹಜ. ನಮ್ಮ ಉತ್ತರ ಕರ್ನಾಟಕದ ಕರಿಮಣ್ಣಿನಲ್ಲಿ ಮಳೆಯನ್ನೇ ನಂಬಿ ಬೆಳೆಯುತ್ತಿದ್ದ ಗೋಧಿಯಲ್ಲಿ ಡ್ಯೂರಮ್ಮಿನ ತಳಿಗಳಿವೆ, ಸದಕ ಎಂದೂ ಜವೆ ಗೋಧಿ ಎಂದೂ ಕರೆಯುವ ಕಪಲಿಯಿದೆ. ಬೊಲೋನ್ಯಾದ ಅಂಗಡಿಯಲ್ಲಿ 'ಫಾರ್ರೊ' ಎಂಬ ಚೀಟಿಯ ಪೊಟ್ಟಣ ಒಡೆದು ನೋಡಿದಾಗ ಒಳಗಿದ್ದದ್ದು ಅದೇ ಸದಕ. ಬೇಸಿಗೆಯಲ್ಲಿ ನಮ್ಮ ಅಜ್ಜಿ ಶಾವಿಗೆ ಮಣೆಯ ಮೇಲೆ ಕುಳಿತು, ಗೀರುಗಳಿರುವ ಹಲಗೆಯ ಮೇಲೆ ನಾದಿದ ಹಿಟ್ಟನ್ನು ಹೊಸೆಯುತ್ತಿದ್ದಳು. ಕೆಳಗಿಳಿದ ಎಳೆಗಳನ್ನು ಅವ್ವ ಎಳೆದು ಕೋಲಿಗೆ ಹಾಕಿ ಒಣಗಿಸುತ್ತಿದ್ದಳು. ಬೊಲೋನ್ಯಾದ ಪೂರ್ವಕ್ಕಿರುವ ರೊಮಾನ್ಯಾದಲ್ಲಿ ಗಾರ್ಗನೆಲ್ಲಿ ಎಂಬ ಪಾಸ್ತಾ ಇದೆ: ಹಾಳೆಯ ಸಣ್ಣ ಚೌಕವನ್ನು ಕಡ್ಡಿಗೆ ಸುತ್ತಿ ಹಣಿಗೆಯಂಥ ಹಲಗೆಯ ಮೇಲೆ ಉರುಳಿಸಿದರೆ ಗೀರುಗೀರಾದ ನಳಿಕೆಯಾಗುತ್ತದೆ. ಆ ಹಣಿಗೆ ಮೊದಲು ಮಗ್ಗದಿಂದ ಬಂದದ್ದು ಎಂದು ಅಲ್ಲಿಯವರು ಹೇಳಿದಾಗ, ಮನೆಮನೆಯಲ್ಲಿ ಮಗ್ಗದ ಸದ್ದಿರುವ ಇಳಕಲ್ಲಿನವಳಾದ ನನಗೆ ಅದನ್ನು ನಂಬಲು ಸಾಕ್ಷಿ ಬೇಕಾಗಲಿಲ್ಲ.

ಹೋಲಿಕೆ ಇಲ್ಲಿಗೇ ನಿಲ್ಲುತ್ತದೆ, ಮತ್ತು ಅದನ್ನು ನಿಲ್ಲಿಸಿದವಳು ಅವ್ವ. ಮತ್ತೊಂದು ಭಾನುವಾರದ ಕರೆಯಲ್ಲಿ ಸಿನ್ಯೋರಾ ಲಟ್ಟಿಸುವುದನ್ನೂ ಕೊಯ್ಯುವುದನ್ನೂ ಕಣ್ಣಿಟ್ಟು ನೋಡಿ, ಎಳೆಗಳನ್ನು ಕುದಿಯುವ ನೀರಿಗೆ ಹಾಕಿದ್ದು ಕಂಡು ಗಾಬರಿಯಾದಳು. "ಅಯ್ಯ, ಇಷ್ಟ್ ಕಷ್ಟಪಟ್ಟು ಹಸೀದs ಕುದಿಸಿಬಿಟ್ರಲ್ಲ! ಒಣಗಸಂಗಿಲ್ಲೇನು?" ಅವಳ ಲೆಕ್ಕದಲ್ಲಿ ಮಣೆ ಕೆಳಗಿಳಿಸಿದರೆ ವರ್ಷದ ಶಾವಿಗೆಯಾಗಬೇಕು, ಡಬ್ಬಿ ತುಂಬಬೇಕು, ಮಗಳ ಮನೆಗೂ ಹೋಗಬೇಕು, ಬೆಳಿಗ್ಗೆ ಮಾಡಿದ್ದನ್ನು ಮಧ್ಯಾಹ್ನ ಉಂಡು ಮುಗಿಸುವುದು ದುಂದು. ನಾನು ಇದನ್ನು ಅನುವಾದಿಸಿದೆ. ಸಿನ್ಯೋರಾ ಸ್ವಲ್ಪ ಹೊತ್ತು ಯೋಚಿಸಿ, ವರ್ಷಕ್ಕೊಂದೇ ಸಲ ಮಾಡುವುದಾದರೆ ನಿಮ್ಮ ತಾಯಿ ನಮಗಿಂತ ಬುದ್ಧಿವಂತರು ಎಂದರು.

ಕೊಯ್ಯುವುದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹಾಳೆಯನ್ನು ಬಟ್ಟೆಯ ಮೇಲೆ ಹರಡಿ, ತಾಕಿದರೆ ಕೈಗೆ ಅಂಟದಷ್ಟು, ಮಡಚಿದರೆ ಮುರಿಯದಷ್ಟು ಆರಿಸಿ, ಸಡಿಲಾಗಿ ಸುತ್ತಿ ಅಗಲವಾದ ಚಾಕುವಿನಿಂದ ಕತ್ತರಿಸುವುದು. ಕೊಯ್ಯು ಎಂಬರ್ಥದ ತಾಲ್ಯಾರೆಯಿಂದಲೇ ತಾಲ್ಯಾತೆಲ್ಲೆ ಎಂಬ ಹೆಸರು ಬಂದದ್ದು. ಲೆಕ್ಕಪತ್ರ ಗಿಡ್ಡವಾಗಿರಲಿ, ತಾಲ್ಯಾತೆಲ್ಲೆ ಉದ್ದವಾಗಿರಲಿ ಎಂಬ ಗಾದೆ ಆ ಊರಿನಲ್ಲಿದೆ. ಒಬ್ಬರ ಪಾಲಿಗೆ ಒಂದು ಲೀಟರ್ ನೀರು, ಹತ್ತು ಗ್ರಾಂ ಉಪ್ಪು. ನೀರು ಮರಳುವಾಗ ಹಾಕಿದರೆ ಎರಡು ಮೂರು ನಿಮಿಷದಲ್ಲಿ ಬೆಂದಿರುತ್ತದೆ. ಅಂಚಿನ ಚೂರುಗಳನ್ನು ಎಸೆಯುವುದಿಲ್ಲ. ಅವಕ್ಕೆ ಮಾಲ್ತಾಲ್ಯಾತಿ, ಎಂದರೆ ಕೆಟ್ಟದಾಗಿ ಕೊಯ್ದವು ಎಂದು ಹೆಸರಿದೆ, ಅವು ಬೀನ್ಸ್ ಕಾಳಿನ ಸೂಪಿಗೆ ಹೋಗುತ್ತವೆ. ಮೊದಲ ವರ್ಷ ನನ್ನ ಕೈಯಿಂದ ಹೊರಟದ್ದೆಲ್ಲ ಅದೇ ಆಗಿದ್ದರಿಂದ ನಾವು ಬಹಳ ಸೂಪು ಕುಡಿದೆವು.

ಈಗ ನಾನು ಬೆಂಗಳೂರಿನಲ್ಲಿದ್ದೇನೆ. ಬಡಗಿಯೊಬ್ಬರಿಗೆ ಚಿತ್ರ ಬರೆದು ತೋರಿಸಿ 85 ಸೆಂಟಿಮೀಟರಿನ ಕೋಲು ಮಾಡಿಸಿದೆ. ಅವರು ಅದನ್ನು ಪಾಲಿಶ್ ಮಾಡಿ ಹೊಳೆಯುವಂತೆ ತಂದುಕೊಟ್ಟರು, ಒಂದು ವಾರ ಉಪ್ಪುಕಾಗದ ಹಿಡಿದು ಉಜ್ಜಿ ನಾನು ಆ ಹೊಳಪನ್ನು ತೆಗೆದೆ. ಹಲಗೆಗೆ ಹಳೆಯ ಮೇಜಿನ ಮೇಲ್ಮೈ ಸಾಕಾಯಿತು. ಇಲ್ಲಿಯ ಮೊಟ್ಟೆ ಸಣ್ಣದು, ಭಂಡಾರ ತೆಳುಹಳದಿ. 100 ಗ್ರಾಂ ಮೈದಾಕ್ಕೆ ಒಂದು ಇಡಿಯ ಮೊಟ್ಟೆ ಮತ್ತು ಇನ್ನೊಂದರ ಭಂಡಾರ ಸೇರಿಸಿದರೆ ಹದ ಬರುತ್ತದೆ. ಹಿಟ್ಟಿನ ಕಾಲುಭಾಗದಷ್ಟು ಮೈದಾ ತೆಗೆದು ಚಿರೋಟಿ ರವೆ ಹಾಕಿದರೆ ಎಳೆಗೆ ಸ್ವಲ್ಪ ಕಚ್ಚು ಬರುತ್ತದೆ, ಆದರೆ ಆಗ ಒಂದು ಗಂಟೆ ನೆನೆಯಬೇಕು. ಮಾರ್ಚಿನಲ್ಲಿ ಫ್ಯಾನು ಹಾಕಿದರೆ ಅಂಚು ಕ್ಷಣದಲ್ಲಿ ಒಣಗುತ್ತದೆ, ಜುಲೈಯಲ್ಲಿ ಹಾಳೆ ಆರುವುದೇ ಇಲ್ಲ. ಚೂರುಗಳನ್ನು ನಾನು ಅವರೆಕಾಳಿನ ಸಾರಿಗೆ ಹಾಕುತ್ತೇನೆ. ಸಿನ್ಯೋರಾರಿಗೆ ಫೋಟೊ ಕಳುಹಿಸಿದಾಗ ಬಣ್ಣ ಬಿಳಿಚಿಕೊಂಡಿದೆ ಎಂದರು, ಅಂಚು ದಪ್ಪವಿದೆ ಎಂದರು, ಆಮೇಲೆ ಅವರೆಕಾಳು ಎಂದರೇನು ಎಂದು ಕೇಳಿದರು.

ನಮ್ಮ ಬಾಲ್ಕನಿಯಿಂದ ಯಾವ ಗುಡ್ಡವೂ ಕಾಣುವುದಿಲ್ಲ. ಎದುರು ಮನೆಯ ತಾರಸಿಯ ಮೇಲೆ ಕರಿಯ ನೀರಿನ ಟ್ಯಾಂಕಿದೆ, ಅದರ ಮೇಲೆ ಕಂಪನಿಯ ಹೆಸರನ್ನು ಬಿಳಿಯ ದಪ್ಪ ಅಕ್ಷರಗಳಲ್ಲಿ ಬರೆದಿದ್ದಾರೆ. ಕಳೆದ ಭಾನುವಾರ ಹಾಳೆಯ ಅಂಚನ್ನು ಎತ್ತಿ ಬೆಳಕಿಗೆ ಹಿಡಿದೆ. ಟ್ಯಾಂಕಿನ ಕರಿ ಮೈ ಕಂಡಿತು. ಎಡಗಡೆಯ ಎರಡು ಅಕ್ಷರಗಳನ್ನು ಓದಲು ಬಂತು. ಬಲಗಡೆಯವು ಇನ್ನೂ ಬಂದಿಲ್ಲ.